ಆಟ ಕೊಡುವ ಉತ್ತರ: ವಿಡಿಯೋ ಗೇಮ್‌ಗಳ ಸುಖವನ್ನು ಕುರಿತು

(ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಗ್ರಂಥಾಲಯವೊಂದರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಸಭೆಯಲ್ಲಿ ಪರದೆಯ ಮೇಲೆ ಆಡಿ ತೋರಿಸಿದ ಭಾಗಗಳನ್ನು ಇಲ್ಲಿ ಮಾತಿನಲ್ಲಿ ವಿವರಿಸಿದ್ದೇನೆ.)

ಮಾನ್ಯ ಅಧ್ಯಕ್ಷರೇ, ಸಭೆಯ ಹಿರಿಯರೇ, ಮಕ್ಕಳನ್ನು ಕರೆದುಕೊಂಡು ಬಂದಿರುವ ತಂದೆತಾಯಂದಿರೇ,

ವಿಡಿಯೋ ಗೇಮ್ ಎಂಬ ಹೆಸರು ನಮ್ಮ ಸಭೆಗಳಲ್ಲಿ ಕೇಳಿಬರುವುದು ಹೆಚ್ಚಾಗಿ ಎಚ್ಚರಿಕೆಯ ಮಾತಿನ ಜೊತೆಗೆ. ಮಕ್ಕಳ ಕಣ್ಣು, ನಿದ್ದೆ, ಪರೀಕ್ಷೆಯ ಅಂಕ, ದುಡ್ಡು ಕಳೆದುಕೊಂಡವರ ಸುದ್ದಿ, ಹೀಗೆ ಮಾತು ಸಾಗುತ್ತದೆ. ಈ ಆತಂಕಗಳಲ್ಲಿ ಸತ್ಯವಿದೆ. ಅವುಗಳಲ್ಲಿ ಒಂದನ್ನು ಮುಂದೆ ನಾನೇ ಎತ್ತಿಕೊಳ್ಳುತ್ತೇನೆ. ಆದರೆ ಒಂದು ಒಳ್ಳೆಯ ಆಟ ಯಾಕೆ ಅಷ್ಟು ಹಿತವಾಗಿರುತ್ತದೆ ಎಂಬ ಪ್ರಶ್ನೆಯನ್ನು ನಾವು ಯಾರೂ ಸಮಾಧಾನದಿಂದ ಕೇಳಿಕೊಂಡಿಲ್ಲ. ಕಾದಂಬರಿ ಯಾಕೆ ಹಿಡಿಸಿತು, ರಾಗ ಯಾಕೆ ಮನಸ್ಸಿಗೆ ತಟ್ಟಿತು ಎಂದು ಗಂಟೆಗಟ್ಟಲೆ ಚರ್ಚಿಸುವ ನಾವು ಆಟದ ವಿಷಯ ಬಂದಾಗ ‘ಅದೊಂದು ಚಟ’ ಎಂದು ಮುಗಿಸಿಬಿಡುತ್ತೇವೆ. ಚಟ ಹಿಡಿಸುವ ಆಟವನ್ನೂ ಸುಖ ಕೊಡುವ ಆಟವನ್ನೂ ಬೇರೆ ಮಾಡಿ ನೋಡಲು ಬೇಕಾದ ಕಣ್ಣು ನಮಗೆ ಬರಬೇಕಾದರೆ ಮೊದಲು ಆ ಸುಖದ ಗುಣವನ್ನು ತಿಳಿಯಬೇಕು.

ಚಿಕ್ಕಂದಿನಿಂದ ಆಡುತ್ತ ಬಂದವನಾಗಿ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಆಡುವವನಿಗೆ ಆಟ ಸರಿಯಾದ ಉತ್ತರ ಕೊಟ್ಟಾಗ ಸುಖ ಹುಟ್ಟುತ್ತದೆ. ನಾನೊಂದು ಗುಂಡಿ ಒತ್ತುತ್ತೇನೆ, ಒಂದು ದಾರಿ ಹಿಡಿಯುತ್ತೇನೆ, ಬಾಗಿಲಿಗೆ ಬಂದ ಒಬ್ಬನನ್ನು ಒಳಗೆ ಬಿಡುತ್ತೇನೆ ಅಥವಾ ತಡೆಯುತ್ತೇನೆ. ನಾನು ಮಾಡಿದ್ದು ಆಟಕ್ಕೆ ತಿಳಿಯಬೇಕು, ಅದಕ್ಕೆ ತಕ್ಕ ಫಲ ಬರಬೇಕು, ಆ ಫಲ ಯಾಕೆ ಬಂತೆಂಬುದು ನನಗೂ ಅರ್ಥವಾಗಬೇಕು. ಈ ಮೂರೂ ಕೂಡಿಬಂದಲ್ಲಿ ಚಿತ್ರ ಸಾಧಾರಣವಾಗಿದ್ದರೂ, ಕಥೆ ಇಲ್ಲವೇ ಇಲ್ಲದಿದ್ದರೂ ಆಟ ರುಚಿಸುತ್ತದೆ. ಇವುಗಳಲ್ಲಿ ಒಂದು ಕೆಟ್ಟರೂ ಕೋಟಿಗಟ್ಟಲೆ ಖರ್ಚು ಮಾಡಿದ ಆಟ ಸಪ್ಪೆಯಾಗುತ್ತದೆ.

ಕುಂಬಳೆ ಸೀಮೆಯ ಜನರಿಗೆ ಇದನ್ನು ತಾಳಮದ್ದಳೆಯ, ಅಂದರೆ ವೇಷ ಕುಣಿತಗಳಿಲ್ಲದೆ ಕುಳಿತು ಮಾತಿನಲ್ಲಿಯೇ ನಡೆಸುವ ಯಕ್ಷಗಾನದ ಮೂಲಕ ಹೇಳಿದರೆ ಬೇಗ ಮನದಟ್ಟಾಗುತ್ತದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರಾದ ನಮಗೆ ಪ್ರಸಂಗದ ಪದ್ಯ ಗೊತ್ತು, ಕೊನೆಯಲ್ಲಿ ವಾಲಿ ಬೀಳುತ್ತಾನೆಂಬುದೂ ಗೊತ್ತು. ಭಾಗವತರು ಹಾಡುವ ಪದ್ಯದ ಚೌಕಟ್ಟನ್ನು ಯಾರೂ ಮೀರುವಂತಿಲ್ಲ. ಆದರೂ ರಾತ್ರಿಯಿಡೀ ಕುಳಿತು ಕೇಳುತ್ತೇವೆ, ಯಾಕೆಂದರೆ ಆ ಚೌಕಟ್ಟಿನ ಒಳಗೆ ವಾಲಿಯ ಮಾತು ಆಡುವ ಅರ್ಥಧಾರಿ ಎತ್ತುವ ಪ್ರಶ್ನೆ ಇಂದಿನದು, ರಾಮನ ಅರ್ಥಧಾರಿ ಅದಕ್ಕೆ ಕೊಡುವ ಉತ್ತರವೂ ಇಂದಿನದು. ವಾಲಿ ಒಂದು ಮರ್ಮದ ಮಾತು ಆಡಿದಾಗ ಎದುರಿನವರು ಅದನ್ನು ಕೇಳಿಸಿಕೊಳ್ಳದೆ ಮನೆಯಲ್ಲಿ ಕಂಠಪಾಠ ಮಾಡಿ ತಂದದ್ದನ್ನು ಒಪ್ಪಿಸಿದರೆ ಸಭೆ ಕೂಡಲೇ ಬೇಸರಗೊಳ್ಳುತ್ತದೆ. ವಿಡಿಯೋ ಗೇಮಿನಲ್ಲಿ ಆಟಗಾರ ಒಬ್ಬ ಅರ್ಥಧಾರಿ, ಆಟವೇ ಅವನ ಎದುರು ಅರ್ಥಧಾರಿ. ನಿಯಮಗಳು ಪದ್ಯದಂತೆ ಮೊದಲೇ ಬರೆದಿಟ್ಟವು. ಆ ನಿಯಮಗಳ ಒಳಗೆ ನಾನು ಹೊಸದೊಂದನ್ನು ಮಾಡಿದಾಗ ಎದುರಿನಿಂದ ತಕ್ಕ ಮಾತು ಬರುತ್ತದೆಯೇ ಎಂಬುದರ ಮೇಲೆ ಇಡೀ ಕೂಟದ ಕಳೆ ನಿಂತಿದೆ.

ಈಗ ಒಂದು ಆಟದ ಮೊದಲ ಅರ್ಧ ನಿಮಿಷವನ್ನು ನಿಧಾನವಾಗಿ ನೋಡೋಣ. 1985ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ಹೊರತಂದ ‘ಸೂಪರ್ ಮಾರಿಯೊ ಬ್ರದರ್ಸ್’ ಅದು. ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ ಅದರ ವಿನ್ಯಾಸಕಾರರು. ಆಟ ಶುರುವಾದಾಗ ಮೀಸೆಯ ಪುಟ್ಟ ಮನುಷ್ಯ ತೆರೆಯ ಎಡಭಾಗದಲ್ಲಿ ನಿಂತಿರುತ್ತಾನೆ, ಬಲಭಾಗ ಖಾಲಿಯಾಗಿರುತ್ತದೆ. ‘ಬಲಕ್ಕೆ ಹೋಗು’ ಎಂದು ಎಲ್ಲಿಯೂ ಬರೆದಿಲ್ಲ. ಎಡಕ್ಕೆ ಒತ್ತಿದರೆ ತೆರೆ ಸರಿಯುವುದಿಲ್ಲ, ಬಲಕ್ಕೆ ಒತ್ತಿದರೆ ಲೋಕ ತೆರೆದುಕೊಳ್ಳುತ್ತದೆ. ಕೆಲವು ಹೆಜ್ಜೆ ನಡೆದಾಗ ಮೇಲೆ ಪ್ರಶ್ನೆಚಿಹ್ನೆಯೊಂದು ಮಿನುಗುತ್ತದೆ, ಕೆಳಗೆ ಹುಬ್ಬು ಗಂಟಿಕ್ಕಿದ ಅಣಬೆಯಾಕಾರದ ಜೀವಿಯೊಂದು ನಮ್ಮತ್ತ ಬರುತ್ತದೆ. ಅದಕ್ಕೆ ತಾಗಿದರೆ ಸಾವು. ಆದರೆ ಆಟ ಶುರುವಾಗಿ ಕೆಲವೇ ಸೆಕೆಂಡು ಆದ್ದರಿಂದ ನಷ್ಟವೇನೂ ಇಲ್ಲ, ಮತ್ತೆ ಅಲ್ಲಿಂದಲೇ ಹೊರಡಬಹುದು. ಎರಡನೆಯ ಸಲ ನಾವು ನೆಗೆಯುತ್ತೇವೆ; ನೆಗೆದವರು ಅದರ ತಲೆಯ ಮೇಲೆ ಬಿದ್ದರೆ ಅದು ಚಪ್ಪಟೆಯಾಗುತ್ತದೆ, ತಲೆ ಮೇಲಿನ ಪೆಟ್ಟಿಗೆಗೆ ತಗಲಿದರೆ ನಾಣ್ಯ ಸಿಗುತ್ತದೆ. ಅಪಾಯ, ಆಯುಧ, ಬಹುಮಾನ ಮೂರನ್ನೂ ಒಂದೇ ನೆಗೆತ ಕಲಿಸಿತು.

ಮುಂದಿನದು ಇನ್ನೂ ಜಾಣತನದ್ದು. ಇನ್ನೊಂದು ಪೆಟ್ಟಿಗೆಯನ್ನು ಗುದ್ದಿದಾಗ ನಾಣ್ಯದ ಬದಲು ಅಣಬೆಯೊಂದು ಹೊರಬಂದು ಬಲಕ್ಕೆ ಜಾರುತ್ತದೆ. ಈಗಷ್ಟೇ ಅಣಬೆಯಾಕಾರದ ಶತ್ರುವಿನಿಂದ ಸತ್ತವನಿಗೆ ಇದನ್ನು ಕಂಡರೆ ಭಯವಾಗುವುದು ಸಹಜ. ಅಣಬೆ ಇಟ್ಟಿಗೆಯ ಸಾಲಿನಿಂದ ಕೆಳಗೆ ಬಿದ್ದು, ಮುಂದೆ ಅಡ್ಡ ನಿಂತ ಹಸಿರು ಕೊಳವೆಗೆ ಬಡಿದು, ತಿರುಗಿ ನಮ್ಮ ಕಡೆಗೇ ಬರುತ್ತದೆ. ಹೆದರಿ ನೆಗೆದರೆ ತಲೆ ಇಟ್ಟಿಗೆಗೆ ತಾಗಿ ಅದರ ಮೇಲೆಯೇ ಬೀಳುವ ಸಂಭವ ಹೆಚ್ಚು. ತಾಗಿದ ಕ್ಷಣ ಮಾರಿಯೊ ದೊಡ್ಡವನಾಗುತ್ತಾನೆ. ತಪ್ಪಿಸಿಕೊಳ್ಳಲು ನೋಡಿದವನಿಗೂ ವರ ಸಿಕ್ಕುವ ಹಾಗೆ ಕೊಳವೆ, ಇಟ್ಟಿಗೆ, ಅಣಬೆಯ ಓಟ ಇವುಗಳ ಜಾಗವನ್ನು ಅಳೆದು ಇಟ್ಟಿದ್ದಾರೆ. ಒಂದೇ ಒಂದು ಪದವಿಲ್ಲದೆ ಜಪಾನಿನ ಮಗುವಿಗೂ ಬದಿಯಡ್ಕದ ಮಗುವಿಗೂ ಒಂದೇ ಪಾಠ ಮುಟ್ಟಿತು. ಇಂದಿನ ಅನೇಕ ಮೊಬೈಲ್ ಆಟಗಳು ಶುರುವಿನಲ್ಲಿ ತೆರೆಯನ್ನೆಲ್ಲ ಕಪ್ಪು ಮಾಡಿ, ಮಿನುಗುವ ಒಂದು ಕೈಯ ಚಿತ್ರದಿಂದ ‘ಇಲ್ಲಿ ಒತ್ತು, ಈಗ ಇಲ್ಲಿ ಒತ್ತು’ ಎಂದು ಹತ್ತಾರು ಸಲ ಹೇಳಿಸುತ್ತವೆ. ಒತ್ತಿದವನಿಗೆ ಕಲಿತ ಸಂತೋಷ ಸಿಗುವುದಿಲ್ಲ, ಯಾಕೆಂದರೆ ಅವನು ಏನನ್ನೂ ಕಂಡುಹಿಡಿದಿಲ್ಲ. ತಾನಾಗಿ ಕಂಡುಕೊಳ್ಳುವ ಅವಕಾಶವನ್ನು ಆಟಗಾರನಿಂದ ಕಸಿದುಕೊಳ್ಳುವುದನ್ನು ನಾನು ವಿನ್ಯಾಸದ ದೊಡ್ಡ ದೋಷವೆಂದೇ ಎಣಿಸುತ್ತೇನೆ.

ಉತ್ತರ ಸರಿಯಾಗಿದ್ದರೆ ಸಾಲದು, ತಕ್ಕ ಹೊತ್ತಿಗೂ ಬರಬೇಕು. ಅನೇಕ ಆಟಗಳು ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತವೆ, ಅಂದರೆ ಒಂದು ಚಿತ್ರದ ಆಯುಷ್ಯ ಸುಮಾರು 17 ಮಿಲಿಸೆಕೆಂಡು. ಬೆರಳು ಒತ್ತಿದ ಮೇಲೆ ಕೆಲವು ಚಿತ್ರಗಳಷ್ಟು ತಡವಾದರೂ ಆಡುವವನಿಗೆ ಪಾತ್ರ ಭಾರವಾಯಿತು, ಕೈಗೆ ಸಿಗುತ್ತಿಲ್ಲ ಎನಿಸತೊಡಗುತ್ತದೆ. ಯಾಕೆಂದು ಹೇಳಲು ಅವನಿಗೆ ಬರದಿದ್ದರೂ ಕೈ ಅದನ್ನು ಗುರುತಿಸುತ್ತದೆ. 1996ರ ‘ಸೂಪರ್ ಮಾರಿಯೊ 64’ ತಯಾರಿಸುವಾಗ ಮಿಯಾಮೊಟೊ ಅವರ ತಂಡ ಮೊದಲು ಹಂತಗಳನ್ನು ಕಟ್ಟಲಿಲ್ಲ. ಏನೂ ಇಲ್ಲದ ಸರಳವಾದ ಜಾಗದಲ್ಲಿ ಮಾರಿಯೊ ಓಡುವುದು, ತಿರುಗುವುದು, ನೆಗೆಯುವುದು ಹಿತವಾಗುವ ತನಕ ತಿದ್ದಿ, ಆಮೇಲೆ ಉಳಿದುದನ್ನು ಕಟ್ಟಿದರು. ಆ ಆಟದಲ್ಲಿ ಗುರಿಯೇ ಇಲ್ಲದೆ ಕೋಟೆಯ ಹೊರಗಿನ ಹುಲ್ಲಿನಲ್ಲಿ ಸುಮ್ಮನೆ ಓಡಾಡುವುದೂ ಖುಷಿ ಕೊಡುತ್ತದೆ.

ಕೆಲವೊಮ್ಮೆ ಸರಿಯಾದ ಉತ್ತರ ಕೊಡಲು ಆಟ ತನ್ನದೇ ಲೆಕ್ಕವನ್ನು ಸ್ವಲ್ಪ ಸಡಿಲಿಸಬೇಕಾಗುತ್ತದೆ. 2018ರಲ್ಲಿ ಬಂದ ‘ಸೆಲೆಸ್ಟ್’ ಒಂದು ಬೆಟ್ಟ ಹತ್ತುವ ಹುಡುಗಿಯ ಆಟ, ಮ್ಯಾಡಿ ಥಾರ್ಸನ್ ಮತ್ತು ನೋಯೆಲ್ ಬೆರಿ ಅವರ ಪುಟ್ಟ ತಂಡದ ಕೆಲಸ. ಅದರಲ್ಲಿ ಬಂಡೆಯ ಅಂಚು ದಾಟಿ ಕಾಲು ಗಾಳಿಯಲ್ಲಿ ಇದ್ದರೂ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ನೆಗೆಯಲು ಬಿಡುತ್ತಾರೆ. ಗಣಿತದ ಪ್ರಕಾರ ಹುಡುಗಿ ಬೀಳಬೇಕು. ಆದರೆ ಆಡುವವನ ಮನಸ್ಸಿನಲ್ಲಿ ತಾನು ಅಂಚಿನಲ್ಲಿಯೇ ಒತ್ತಿದ್ದೇನೆ ಎಂಬ ನಂಬಿಕೆ ಇರುತ್ತದೆ, ಕಣ್ಣಿಗೂ ಬೆರಳಿಗೂ ನಡುವೆ ಅಷ್ಟು ಅಂತರ ಮನುಷ್ಯರಿಗೆಲ್ಲ ಇರುವುದೇ. ಆಟ ಆ ನಂಬಿಕೆಗೆ ಉತ್ತರ ಕೊಡುತ್ತದೆ. ಹೀಗೆ ಮಾಡುವುದನ್ನು ಮೋಸವೆಂದು ಹೇಳುವವರಿದ್ದಾರೆ, ನನಗೆ ಅದು ಆಟಗಾರನ ಉದ್ದೇಶವನ್ನು ಗೌರವಿಸುವ ನಡತೆಯಾಗಿ ಕಾಣುತ್ತದೆ.

ನಮ್ಮ ಒಳನಾಡಿನ ಹುಡುಗರಿಗೆ ಈ ತಡದ ಸಮಸ್ಯೆ ಬೇರೆ ರೂಪದಲ್ಲಿ ಗೊತ್ತಿದೆ. ಆಟಿ ತಿಂಗಳ ಮಳೆಯಲ್ಲಿ ಕರೆಂಟು ಹೋಗಿ, ಟವರಿನ ರೇಂಜ್ ಒಂದು ಗೆರೆಗೆ ಇಳಿದಿರುವಾಗ, ಮನೆಯ ಮೂಲೆಯ ಕಿಟಕಿಯ ಹತ್ತಿರ ಮೊಬೈಲು ಹಿಡಿದು ಆಡುತ್ತಿರುವ ಹುಡುಗ ಎದುರಾಳಿಗೆ ಸರಿಯಾಗಿ ಗುರಿಯಿಟ್ಟು ಹೊಡೆಯುತ್ತಾನೆ. ಅವನ ತೆರೆಯಲ್ಲಿ ಎದುರಾಳಿ ಅಲ್ಲಿಯೇ ಇದ್ದಾನೆ, ಆದರೆ ಆಟವನ್ನು ನಡೆಸುವ ದೂರದ ಗಣಕದ, ಅಂದರೆ ಸರ್ವರಿನ ಲೆಕ್ಕದಲ್ಲಿ ಆ ಎದುರಾಳಿ ಆಗಲೇ ಗೋಡೆಯ ಹಿಂದೆ ಸರಿದು, ಇವನನ್ನು ಹೊಡೆದೂ ಆಗಿದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಆದರೂ ಹುಡುಗನಿಗೆ ಅನ್ಯಾಯವಾಯಿತು ಎನಿಸುತ್ತದೆ. ಈ ತೊಡಕು ಅಂತರಜಾಲದ ಆಟಗಳಷ್ಟೇ ಹಳೆಯದು. 1996ರಲ್ಲಿ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ‘ಕ್ವೇಕ್‌ವರ್ಲ್ಡ್’ ಆಟದಲ್ಲಿ ಒಂದು ಉಪಾಯ ಮಾಡಿದರು: ಸರ್ವರಿನಿಂದ ಒಪ್ಪಿಗೆ ಬರುವ ತನಕ ಕಾಯದೆ, ಒತ್ತಿದ ಕೂಡಲೇ ನಮ್ಮ ಪಾತ್ರವನ್ನು ನಮ್ಮ ಯಂತ್ರದಲ್ಲಿಯೇ ಮುಂದಕ್ಕೆ ನಡೆಸಿ, ಸರ್ವರಿನ ಲೆಕ್ಕ ಬಂದ ಮೇಲೆ ವ್ಯತ್ಯಾಸವಿದ್ದರೆ ತಿದ್ದಿಕೊಳ್ಳುವುದು. ಇಂದು ಲಕ್ಷಾಂತರ ಜನ ಆಡುವ ಆಟಗಳು ಇದೇ ಬಗೆಯ ಊಹೆಯ ಮೇಲೆ ನಡೆಯುತ್ತಿವೆ. ರೇಂಜ್ ತೀರಾ ಇಳಿದರೆ ಊಹೆಗೂ ವಾಸ್ತವಕ್ಕೂ ಅಂತರ ದೊಡ್ಡದಾಗಿ ಪಾತ್ರ ಹಿಂದಕ್ಕೆ ಎಳೆದಂತೆ ಜಿಗಿಯುತ್ತದೆ. ಸೋತ ಮಗ ಮೊಬೈಲಿನ ಮೇಲೆ ಸಿಟ್ಟು ತೋರಿಸಿದಾಗ ಗದರುವ ತಂದೆಗೆ ಈ ಸಂಗತಿ ತಿಳಿದಿದ್ದರೆ ಒಳ್ಳೆಯದು. ಸೋಲಿಗಿಂತ ಹೆಚ್ಚಾಗಿ ಅವನನ್ನು ಕಾಡುವುದು ಅರ್ಥವಾಗದ ಸೋಲು.

ಸೋಲಿನ ಬಗ್ಗೆ ಇನ್ನಷ್ಟು ಹೇಳಲೇಬೇಕು, ಯಾಕೆಂದರೆ ಆಟದ ಸುಖ ಅತ್ಯಂತ ದಟ್ಟವಾಗಿರುವುದು ಅಲ್ಲಿ. ಆಟವೆಂದರೆ ಗೆಲ್ಲುವ ಖುಷಿ ಎಂದು ಆಡದವರು ಭಾವಿಸುತ್ತಾರೆ. ಆಡುವವರ ಹೊತ್ತಿನಲ್ಲಿ ಹೆಚ್ಚಿನ ಪಾಲು ಸೋಲಿನಲ್ಲಿಯೇ ಕಳೆಯುತ್ತದೆ. ಜಪಾನಿನ ಫ್ರಮ್‌ಸಾಫ್ಟ್‌ವೇರ್ ಸಂಸ್ಥೆಯಲ್ಲಿ ಹಿದೆತಾಕಾ ಮಿಯಾಜಾಕಿ ಅವರ ನಿರ್ದೇಶನದಲ್ಲಿ 2011ರಲ್ಲಿ ಬಂದ ‘ಡಾರ್ಕ್ ಸೋಲ್ಸ್’ ಕಠಿಣವಾದ ಆಟವೆಂದು ಹೆಸರಾಗಿದೆ. ಅದರಲ್ಲಿ ಸತ್ತರೆ ಗಳಿಸಿದ ಸಂಪತ್ತೆಲ್ಲ ಸತ್ತ ಜಾಗದಲ್ಲಿಯೇ ಬಿದ್ದಿರುತ್ತದೆ. ಮರಳಿ ಅಲ್ಲಿಗೆ ತಲುಪಿದರೆ ಸಿಗುತ್ತದೆ, ದಾರಿಯಲ್ಲಿ ಮತ್ತೆ ಸತ್ತರೆ ಶಾಶ್ವತವಾಗಿ ಹೋಗುತ್ತದೆ. ಕೇಳಲು ಕ್ರೂರವಾಗಿದೆ. ಆದರೆ ಅಲ್ಲಿನ ಪ್ರತಿ ಶತ್ರುವೂ ಕತ್ತಿ ಬೀಸುವ ಮುನ್ನ ಮೈಯನ್ನು ಹಿಂದಕ್ಕೆ ಎಳೆಯುತ್ತಾನೆ, ತೋಳೆತ್ತುತ್ತಾನೆ. ನೋಡಿ ಕಲಿಯಲು ಬೇಕಾದಷ್ಟು ಸುಳಿವು ಆ ಮೈಚಲನೆಯಲ್ಲಿ ಇರುತ್ತದೆ. ಸತ್ತ ಮೇಲೆ ನಾನು ಎಲ್ಲಿ ಆತುರಪಟ್ಟೆ ಎಂದು ನನಗೇ ಗೊತ್ತಾಗುತ್ತದೆ. ಎಷ್ಟೋ ಸಂಜೆ ಒಂದೇ ದ್ವಾರ ಕಾಯುವ ಶತ್ರುವಿನ ಮುಂದೆ ಸೋತು, ಕೊನೆಗೊಮ್ಮೆ ದಾಟಿದಾಗ, ಆ ಶತ್ರುವಿನ ಶಕ್ತಿ ಮೊದಲಿನಷ್ಟೇ ಇತ್ತು, ನನ್ನ ಪಾತ್ರದ ಕತ್ತಿಯೂ ಅದೇ ಇತ್ತು, ಬದಲಾದದ್ದು ನನ್ನ ಕಣ್ಣು ಮತ್ತು ಸಂಯಮ ಮಾತ್ರ. ಈ ಅರಿವಿಗೆ ಸಮನಾದ ಸುಖವನ್ನು ನಾನು ಬೇರೆ ಮನರಂಜನೆಯಲ್ಲಿ ಕಂಡಿಲ್ಲ.

ಕಷ್ಟ ಏರುವ ಕ್ರಮದ ಬಗ್ಗೆ ಇಲ್ಲಿಯೇ ಒಂದು ಹಳೆಯ ಸಂಗತಿ ಹೇಳಬಹುದು. 1978ರ ‘ಸ್ಪೇಸ್ ಇನ್‌ವೇಡರ್ಸ್’ ಆಟದಲ್ಲಿ 55 ಶತ್ರುಗಳು ಸಾಲಾಗಿ ಇಳಿದುಬರುತ್ತವೆ, ಅವುಗಳನ್ನು ಹೊಡೆದು ಕಡಿಮೆ ಮಾಡಿದಷ್ಟೂ ಉಳಿದವು ವೇಗವಾಗಿ ಚಲಿಸುತ್ತವೆ. ಆ ಕಾಲದ ಯಂತ್ರಕ್ಕೆ 55 ಚಿತ್ರಗಳನ್ನು ಬಿಡಿಸುವುದು ಭಾರವಾಗಿದ್ದರಿಂದ, ಸಂಖ್ಯೆ ಇಳಿದಂತೆ ಯಂತ್ರ ಹಗುರಾಗಿ ವೇಗ ತಾನಾಗಿ ಏರಿತು. ವಿನ್ಯಾಸಕಾರ ತೊಮೊಹಿರೊ ನಿಶಿಕಾಡೊ ಅದನ್ನು ಸರಿಪಡಿಸದೆ ಹಾಗೆಯೇ ಉಳಿಸಿಕೊಂಡರು. ನಾನು ಚೆನ್ನಾಗಿ ಆಡಿದ್ದಕ್ಕೆ ಆಟ ಇನ್ನೂ ಕಠಿಣವಾಗಿ ಉತ್ತರಿಸುತ್ತದೆ ಎಂಬ ರೋಮಾಂಚನ ಅಲ್ಲಿ ಮೊದಲ ಬಾರಿಗೆ ಜನರಿಗೆ ಅಷ್ಟು ಸ್ಪಷ್ಟವಾಗಿ ಸಿಕ್ಕಿತು.

ಹಾಗೆಂದು ಕಷ್ಟವೇ ಶ್ರೇಷ್ಠತೆಯ ಗುರುತು ಎಂದು ಹೇಳುವ ಆಟಗಾರರ ಜೊತೆ ನನಗೆ ಸಹಮತವಿಲ್ಲ. ‘ಸೆಲೆಸ್ಟ್’ ಕೂಡ ಕಠಿಣವೇ, ಆದರೆ ಬಿದ್ದರೆ ಒಂದು ಸೆಕೆಂಡಿನ ಒಳಗೆ ಅದೇ ಜಾಗದಿಂದ ಮತ್ತೆ ಶುರು. ಜೊತೆಗೆ ಅದರಲ್ಲಿ ಸಹಾಯದ ಒಂದು ವ್ಯವಸ್ಥೆಯೂ ಇದೆ: ಆಟದ ವೇಗವನ್ನು ಅರ್ಧಕ್ಕೆ ಇಳಿಸಬಹುದು, ದಣಿವಿಲ್ಲದಂತೆ ಮಾಡಬಹುದು, ಸಾವೇ ಇಲ್ಲದಂತೆಯೂ ಮಾಡಬಹುದು. ಯಾರ ಕೈಗೆ ಎಷ್ಟು ಕಷ್ಟ ಹಿತವೋ ಅದನ್ನು ಆಡುವವರೇ ನಿರ್ಧರಿಸುತ್ತಾರೆ. 2020ರ ‘ದ ಲಾಸ್ಟ್ ಆಫ್ ಅಸ್ ಪಾರ್ಟ್ 2’ ಆಟದಲ್ಲಿ ಇಂಥ 60ಕ್ಕೂ ಹೆಚ್ಚು ಸೌಲಭ್ಯಗಳಿವೆ, ಅದನ್ನು ಕಣ್ಣು ಕಾಣದವರೂ ಧ್ವನಿಯ ಸುಳಿವುಗಳಿಂದ ಆಡಿ ಮುಗಿಸಿದ್ದಾರೆ. ಅಂಗವೈಕಲ್ಯ ಇರುವವರಿಗಾಗಿ ಮೈಕ್ರೋಸಾಫ್ಟ್ 2018ರಲ್ಲಿ ಹೊರತಂದ ಅಡಾಪ್ಟಿವ್ ಕಂಟ್ರೋಲರಿನಲ್ಲಿ ಅಂಗೈಯಿಂದ ಒತ್ತಬಹುದಾದ ಎರಡು ದೊಡ್ಡ ಗುಂಡಿಗಳಿವೆ, ಹಿಂಬದಿಯಲ್ಲಿ 19 ಜ್ಯಾಕುಗಳಿವೆ. ಕಾಲಿನಿಂದ ಒತ್ತುವ ಪೆಡಲನ್ನೋ, ಗಲ್ಲದಿಂದ ತಳ್ಳುವ ಸ್ವಿಚ್ಚನ್ನೋ, ಯಾವ ಅಂಗ ಚಲಿಸುತ್ತದೋ ಅದಕ್ಕೆ ತಕ್ಕದ್ದನ್ನು ಅಲ್ಲಿ ಜೋಡಿಸಬಹುದು. ಗೇರುತೋಟಗಳ ಮೇಲೆ ಎಂಡೋಸಲ್ಫಾನ್ ಕೀಟನಾಶಕ ಸುರಿದ ಫಲವನ್ನು ಮಕ್ಕಳ ಮೈಯಲ್ಲಿ ಕಂಡ ಜಿಲ್ಲೆ ನಮ್ಮದು. ಹಾಸಿಗೆಯ ಮೇಲೆಯೇ ದಿನ ಕಳೆಯುವ ಒಬ್ಬ ಹುಡುಗ ತಾನು ಒತ್ತಿದ್ದಕ್ಕೆ ತೆರೆಯ ಮೇಲೆ ಏನೋ ನೆಗೆಯಿತು ಎಂದು ಕಾಣುವುದರ ಬೆಲೆ ಏನೆಂದು ಇಲ್ಲಿನವರಿಗೆ ನಾನು ವಿವರಿಸಬೇಕಾಗಿಲ್ಲ. ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ನಮ್ಮ ಬಡ್ಸ್ ಶಾಲೆಗಳಿಗೆ ಇಂಥ ಉಪಕರಣಗಳು ಬರಬೇಕೆಂಬುದು ನನ್ನ ಬಹುದಿನದ ಆಸೆ, ಈ ಸಭೆಯಲ್ಲಿ ಪಂಚಾಯತಿನವರು ಇದ್ದರೆ ದಯವಿಟ್ಟು ಗಮನಿಸಬೇಕು.

ಇಲ್ಲಿಯ ತನಕ ಹೇಳಿದ್ದು ಕೈಯ ಚುರುಕಿನ ಆಟಗಳ ಮಾತು. ನೆಗೆಯುವುದೂ ಹೊಡೆಯುವುದೂ ಇಲ್ಲದ ಆಟದಲ್ಲಿಯೂ ಉತ್ತರದ ತತ್ವ ಅಷ್ಟೇ ಗಟ್ಟಿಯಾಗಿ ನಿಲ್ಲುತ್ತದೆ ಎಂಬುದಕ್ಕೆ ‘ಪೇಪರ್ಸ್, ಪ್ಲೀಸ್’ ಎಂಬ ಆಟ ಸಾಕ್ಷಿ. ಲ್ಯೂಕಸ್ ಪೋಪ್ ಎಂಬವರು 2013ರಲ್ಲಿ ಬಿಡುಗಡೆ ಮಾಡಿದ ಈ ಆಟದಲ್ಲಿ ನಾವು ಒಂದು ಕಲ್ಪಿತ ದೇಶದ ಗಡಿ ಚೆಕ್‌ಪೋಸ್ಟಿನ ಅಧಿಕಾರಿ. ಮೇಜಿನ ಮೇಲೆ ಪಾಸ್‌ಪೋರ್ಟು, ಪ್ರವೇಶಪತ್ರ, ಎರಡು ಮೊಹರುಗಳು. ಹೆಸರು, ದಿನಾಂಕ, ಊರು, ಫೋಟೋ ತಾಳೆ ನೋಡಿ ಬಿಡಬೇಕು ಅಥವಾ ತಡೆಯಬೇಕು. ಎಷ್ಟು ಜನರ ಕಾಗದ ನೋಡಿ ಮುಗಿಸಿದೆವೋ ಅಷ್ಟು ಸಂಬಳ. ದಿನಕ್ಕೆ ಎರಡು ತಪ್ಪಿನ ತನಕ ಬರೀ ಎಚ್ಚರಿಕೆ, ಮುಂದಿನದಕ್ಕೆ ದಂಡ. ಸಂಜೆ ಮನೆಯ ಲೆಕ್ಕದ ಹಾಳೆ ಬರುತ್ತದೆ: ಬಾಡಿಗೆ, ಊಟ, ಚಳಿ ಕಾಯಿಸುವ ಖರ್ಚು, ಮಗುವಿನ ಔಷಧಿ. ಒಂದು ದಿನ ಕ್ಯೂನಲ್ಲಿ ಒಬ್ಬ ಗಂಡಸು ಬರುತ್ತಾನೆ, ಅವನ ಕಾಗದ ಸರಿ ಇದೆ, ಬಿಡುತ್ತೇವೆ. ಹೋಗುವಾಗ ‘ಹಿಂದೆ ನನ್ನ ಹೆಂಡತಿ ಇದ್ದಾಳೆ, ದಯೆ ಇರಲಿ’ ಎನ್ನುತ್ತಾನೆ. ಹೆಂಡತಿಯ ಬಳಿ ಪ್ರವೇಶಪತ್ರವಿಲ್ಲ. ಮೊಹರು ಕೈಯಲ್ಲಿದೆ. ಬಿಟ್ಟರೆ ಒಂದು ತಪ್ಪು ನಮ್ಮ ಲೆಕ್ಕಕ್ಕೆ ಬೀಳುತ್ತದೆ, ತಡೆದರೆ ಅವಳು ಗಂಡನಿಂದ ಬೇರೆಯಾಗುತ್ತಾಳೆ. ಆಟ ಉಪದೇಶ ಮಾಡುವುದಿಲ್ಲ. ನಾವು ಮಾಡಿದ್ದಕ್ಕೆ ತಕ್ಕ ಚೀಟಿ ಯಂತ್ರದಿಂದ ಹೊರಬರುತ್ತದೆ, ಅಷ್ಟೆ.

ಕರ್ನಾಟಕದ ಗಡಿಯಲ್ಲಿರುವ ತಲಪಾಡಿಯ ಗೇಟು ದಾಟಿ ದಿನವೂ ಮಂಗಳೂರಿಗೆ ಕೆಲಸಕ್ಕೆ, ಕಾಲೇಜಿಗೆ, ಆಸ್ಪತ್ರೆಗೆ ಹೋಗಿಬರುವ ನಮಗೆ ಈ ಮೇಜು ಅಪರಿಚಿತವಲ್ಲ. 2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ಕಾರಣಕ್ಕೆ ಗಡಿ ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಸುರಿದು, ರೋಗಿಗಳಿದ್ದ ಆಂಬುಲೆನ್ಸುಗಳೂ ನಿಲ್ಲಬೇಕಾಗಿ ಬಂದದ್ದನ್ನು, ವಿಷಯ ಹೈಕೋರ್ಟು ಮತ್ತು ಸುಪ್ರೀಂ ಕೋರ್ಟಿನ ತನಕ ಹೋದದ್ದನ್ನು ನಾವೆಲ್ಲ ಕಂಡವರು. ಗಡಿಯ ಈಚೆ ನಿಂತು ಕಾಯುವವರ ಕಷ್ಟ ನಮಗೆ ಗೊತ್ತು. ಮೇಜಿನ ಆಚೆ ಕುಳಿತವನ ಕೈಗೆ ಮೊಹರು ಕೊಟ್ಟು, ಅವನ ಮನೆಯ ಖರ್ಚನ್ನೂ ತೋರಿಸಿ, ‘ಈಗ ನೀನು ನಿರ್ಧರಿಸು’ ಎಂದು ಹೇಳಬಲ್ಲ ಮಾಧ್ಯಮ ನನಗೆ ಆಟದ ಹೊರತು ಇನ್ನೊಂದು ಸಿಕ್ಕಿಲ್ಲ. ಕಾದಂಬರಿ ಓದುವಾಗ ನಾವು ಅಧಿಕಾರಿಯ ತಪ್ಪನ್ನು ನೋಡುತ್ತೇವೆ. ಈ ಆಟದಲ್ಲಿ ಆ ತಪ್ಪನ್ನು ನಾವೇ ಮಾಡುತ್ತೇವೆ. ಇದನ್ನು ಸುಖವೆಂದು ಕರೆಯಬಹುದೇ ಎಂದು ನೀವು ಕೇಳಬಹುದು. ಕರುಣರಸದ ಪ್ರಸಂಗ ನೋಡಿ ಕಣ್ಣೊರೆಸಿಕೊಂಡು ಎದ್ದವರು ‘ಒಳ್ಳೆ ಆಟ’ ಎಂದು ಹೇಳಿಯೇ ಮನೆಗೆ ಹೋಗುವ ಊರು ಇದು, ಹಾಗಾಗಿ ಆ ಪ್ರಶ್ನೆಗೆ ಉತ್ತರ ನಿಮ್ಮಲ್ಲಿಯೇ ಇದೆ.

ಜೊತೆಗಾರರ ಮಾತಿಗೆ ಬರುತ್ತೇನೆ. 100 ಜನ ಒಂದು ದ್ವೀಪಕ್ಕೆ ಪ್ಯಾರಾಚೂಟಿನಲ್ಲಿ ಇಳಿದು ಕೊನೆಗೆ ಒಬ್ಬನೋ ಒಂದು ತಂಡವೋ ಉಳಿಯುವ ಪಬ್‌ಜಿ ಮೊಬೈಲ್ ಆಟವನ್ನು ನಮ್ಮ ದೇಶದಲ್ಲಿ 2020ರ ಸೆಪ್ಟೆಂಬರಿನಲ್ಲಿ ನಿಷೇಧಿಸಿದಾಗ ನಮ್ಮ ಹುಡುಗರು ಬೇಸರಪಟ್ಟದ್ದು ಬಂದೂಕಿಗಾಗಿ ಎಂದು ಹಲವರು ತಿಳಿದರು. ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಅಣ್ಣ ದುಬೈಯಲ್ಲಿ, ತಮ್ಮ ಉಪ್ಪಳದಲ್ಲಿ. ಅಲ್ಲಿಗೂ ಇಲ್ಲಿಗೂ ಒಂದೂವರೆ ಗಂಟೆಯ ಅಂತರ. ಅಣ್ಣ ಡ್ಯೂಟಿ ಮುಗಿಸಿ ರೂಮಿಗೆ ಬಂದ ಮೇಲೆ ನಾಲ್ವರ ತಂಡ ಕಟ್ಟಿ ಆಡುವಾಗ ‘ಅಣ್ಣಾ, ಎಡಗಡೆಯ ಮನೆಯಲ್ಲಿ ಯಾರೋ ಇದ್ದಾರೆ’, ‘ನೀನು ಹಿಂದೆಯೇ ನಿಲ್ಲು, ನಾನು ನೋಡ್ತೇನೆ’ ಎಂಬ ಮಾತಿನ ನಡುವೆ ಅಮ್ಮನ ಸೊಂಟನೋವು, ತಂಗಿಯ ಫೀಸು, ಅಡಿಕೆಯ ರೇಟು ಎಲ್ಲವೂ ಬಂದು ಹೋಗುತ್ತವೆ. ವಾರಕ್ಕೊಮ್ಮೆ ಫೋನು ಮಾಡಿದಾಗ ‘ಹೇಗಿದ್ದೀ, ಊಟ ಆಯ್ತಾ’ ಎಂದು ಮುಗಿಯುವ ಸಂಭಾಷಣೆಗಿಂತ ಇದು ಬಹಳ ತುಂಬಿದ್ದು, ಯಾಕೆಂದರೆ ಇಬ್ಬರೂ ಸೇರಿ ಒಂದು ಕೆಲಸ ಮಾಡುತ್ತಿದ್ದಾರೆ. ಆಟದ ವೃತ್ತ ನಿಮಿಷ ನಿಮಿಷಕ್ಕೂ ಕಿರಿದಾಗುತ್ತ ನಾಲ್ವರನ್ನೂ ಒಂದೇ ಕಡೆಗೆ ನೂಕುವುದರಿಂದ ಮಾತಾಡದೆ ಇರಲು ಸಾಧ್ಯವೇ ಇಲ್ಲ. ಇಲ್ಲಿ ಉತ್ತರ ಕೊಡುವುದು ಯಂತ್ರವಲ್ಲ, ಎದುರಿನ ಮನುಷ್ಯ. ನಿಯಮಗಳು ಅದಕ್ಕೆ ಸಂದರ್ಭ ಒದಗಿಸುತ್ತವೆ.

ಚಿತ್ರದ ಅಂದದ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. 1980ರ ದಶಕದ ನಡುವೆ ಮಾಸ್ಕೋದಲ್ಲಿ ಅಲೆಕ್ಸಿ ಪಜಿಟ್ನೋವ್ ‘ಟೆಟ್ರಿಸ್’ ಬರೆದಾಗ ಅವರ ಎಲೆಕ್ಟ್ರೋನಿಕಾ 60 ಗಣಕಕ್ಕೆ ಚಿತ್ರ ಬಿಡಿಸಲು ಬರುತ್ತಿರಲಿಲ್ಲ, ಕಂಸದ ಚಿಹ್ನೆಗಳನ್ನು ಜೋಡಿಸಿ ಚೌಕಗಳನ್ನು ತೋರಿಸಿದರು. ಏಳೇ ಆಕಾರಗಳ ಆ ಆಟ ಇಂದಿಗೂ ಆಡುವಂತಿದೆ.

ಈಗ ನನ್ನನ್ನು ನಿಜವಾಗಿ ನೋಯಿಸುವ ವಿಷಯ. ಮೇಲೆ ಹೇಳಿದ ಸುಖದ ಗುಣವನ್ನು ಚೆನ್ನಾಗಿ ಬಲ್ಲವರೇ ಅದನ್ನು ತಿರುಚಿ ದುಡ್ಡು ಮಾಡುತ್ತಿದ್ದಾರೆ. ಬೇಕೆಂದೇ ದಾರಿಯನ್ನು ದುರ್ಗಮ ಮಾಡಿ, ‘ಐದು ಜೀವ ಮುಗಿಯಿತು, ಅರ್ಧ ಗಂಟೆ ಕಾಯಿರಿ ಅಥವಾ ದುಡ್ಡು ಕೊಡಿ’ ಎನ್ನುವ ಆಟದಲ್ಲಿ ನನ್ನ ಕೌಶಲಕ್ಕೆ ಉತ್ತರವಿಲ್ಲ, ನನ್ನ ಜೇಬಿಗೆ ಮಾತ್ರ ಉತ್ತರವಿದೆ. ಒಳಗೆ ಏನಿದೆಯೆಂದು ತಿಳಿಸದೆ ಮಾರುವ ಲೂಟ್ ಬಾಕ್ಸ್ ಪೆಟ್ಟಿಗೆಗಳದ್ದೂ ಅದೇ ಕಥೆ. ತೆರೆಯುವಾಗ ಬೆಳಕು, ಸದ್ದು, ಕಾತರ ಎಲ್ಲವನ್ನೂ ಜೂಜಿನ ಯಂತ್ರದಿಂದ ಎರವಲು ತಂದಿದ್ದಾರೆ, ಎದುರು ಕುಳಿತಿರುವುದು ಹತ್ತು ವರ್ಷದ ಮಗು. ಬೆಲ್ಜಿಯಂ ದೇಶ 2018ರಲ್ಲಿಯೇ ಹಣ ಕೊಟ್ಟು ಕೊಳ್ಳುವ ಇಂಥ ಪೆಟ್ಟಿಗೆಗಳು ತನ್ನ ಜೂಜಿನ ಕಾನೂನಿಗೆ ವಿರುದ್ಧವೆಂದು ಹೇಳಿತು. ನಮ್ಮ ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾನೂನು ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್ (ಸ್ಪರ್ಧೆಯಾಗಿ ಆಡುವ ವಿಡಿಯೋ ಗೇಮ್‌ಗಳು) ಮತ್ತು ಸಾಮಾಜಿಕ ಆಟಗಳನ್ನು ಬೇರೆಯಾಗಿ ಗುರುತಿಸಿತು. ಜೂಜಿನಿಂದ ಆಟವನ್ನು ಬೇರ್ಪಡಿಸಿ ನೋಡಿದ ಆ ದೃಷ್ಟಿಯನ್ನು ಆಟಗಾರನಾಗಿ ನಾನು ಸ್ವಾಗತಿಸುತ್ತೇನೆ. ತಂದೆತಾಯಂದಿರು ಮಗು ಆಡುವ ಆಟವನ್ನು ಒಮ್ಮೆ ಪಕ್ಕದಲ್ಲಿ ಕುಳಿತು ನೋಡಿ, ಸೋತಾಗ ಆಟ ಏನು ಹೇಳುತ್ತದೆ ಎಂಬುದೊಂದನ್ನೇ ಗಮನಿಸಲಿ: ‘ಮತ್ತೆ ಪ್ರಯತ್ನಿಸು’ ಎನ್ನುತ್ತದೆಯೋ, ‘ಕೊಂಡುಕೋ’ ಎನ್ನುತ್ತದೆಯೋ?

ಸಭೆಯ ಕೊನೆಯಲ್ಲಿ ಒಬ್ಬ ವಿದ್ಯಾರ್ಥಿನಿ, ‘ಸರ್, ಕನ್ನಡದಲ್ಲಿ ಇಂಥ ಆಟ ಯಾಕಿಲ್ಲ, ನಾವು ಮಾಡಬಹುದಾ?’ ಎಂದು ಕೇಳಿದಳು. ಅವಳಿಗೆ ಹೇಳಿದ್ದನ್ನು ಇಲ್ಲಿಯೂ ಸೇರಿಸುತ್ತೇನೆ. ಖಂಡಿತ ಮಾಡಬಹುದು. ಗೋಡೋ ಎಂಬ ಗೇಮ್ ಎಂಜಿನ್, ಅಂದರೆ ಆಟ ಕಟ್ಟಲು ಬಳಸುವ ತಂತ್ರಾಂಶ, 2014ರಿಂದ ಮುಕ್ತ ತಂತ್ರಾಂಶವಾಗಿದೆ, ಅದಕ್ಕೆ ಒಂದು ರೂಪಾಯಿಯೂ ಕೊಡಬೇಕಾಗಿಲ್ಲ, ಸಾಧಾರಣ ಲ್ಯಾಪ್‌ಟಾಪಿನಲ್ಲಿಯೂ ನಡೆಯುತ್ತದೆ. ಹಿಂದೆ ಆಟಗಳಲ್ಲಿ ಕನ್ನಡ ಬರೆದರೆ ಒತ್ತಕ್ಷರಗಳು ಕೆಳಗೆ ಕೂರದೆ ಪಕ್ಕಕ್ಕೆ ಸಿಡಿದು ‘ಅಕ್ಕ’ ಎಂಬ ಪದವೂ ಓದಲಾಗದಂತೆ ಒಡೆಯುವುದು ಸಾಮಾನ್ಯವಾಗಿತ್ತು. 2023ರಲ್ಲಿ ಬಂದ ಗೋಡೋ 4 ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುತ್ತದೆ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ತಂಡ 2020ರಲ್ಲಿ ‘ರಾಜಿ’ ಎಂಬ ಆಟದಲ್ಲಿ ನಮ್ಮ ಪುರಾಣಲೋಕವನ್ನೂ ತೊಗಲುಬೊಂಬೆಯ ರೀತಿಯ ಕಥನವನ್ನೂ ತಂದು ತೋರಿಸಿದೆ. ಯಕ್ಷಗಾನ ಬೊಂಬೆಯಾಟವನ್ನು ಉಳಿಸಿಕೊಂಡು ಬಂದ ಕಾಸರಗೋಡಿನಲ್ಲಿ ಬಣ್ಣಕ್ಕೂ ಕಥೆಗೂ ಬರವಿಲ್ಲ.

ಆದರೆ ಬಣ್ಣದಿಂದ ಶುರು ಮಾಡಬೇಡಿ ಎಂದು ಅವಳಿಗೆ ಹೇಳಿದೆ. ಕಿರೀಟ, ಭುಜಕೀರ್ತಿ, ಚೆಂಡೆಯ ಸದ್ದು ಎಲ್ಲ ಆಮೇಲೆ ಬರಲಿ. ಮೊದಲು ತೆರೆಯ ಮೇಲೆ ಒಂದು ಬೋಳು ಅಂಗಳ, ಅದರಲ್ಲಿ ಒಂದು ಚೌಕ. ಆ ಚೌಕ ಓಡಿ, ನಿಂತು, ನೆಗೆದು, ನೆಲ ಮುಟ್ಟುವುದು ಬೆರಳಿಗೆ ಹಿತವಾಗುವ ತನಕ ಅಂಕಿಗಳನ್ನು ತಿದ್ದುತ್ತ ಇರಿ. ಆಮೇಲೆ ಆಟವನ್ನು ಏನೂ ವಿವರಿಸದೆ ತಂಗಿಯ ಕೈಗೋ ಪಕ್ಕದ ಮನೆಯ ಅಜ್ಜನ ಕೈಗೋ ಕೊಟ್ಟು, ಬಾಯಿ ಬಿಡದೆ ಪಕ್ಕದಲ್ಲಿ ಕುಳಿತು, ಅವರು ಎಲ್ಲಿ ತಡವರಿಸಿದರು, ಎಲ್ಲಿ ನಕ್ಕರು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಮುಂದಿನ ವಾರದ ಕೆಲಸವೇನೆಂದು ಆ ಪುಟ ನೋಡಿದರೆ ತಿಳಿಯುತ್ತದೆ.